ಬಿಚ್ಚಿ ನೋಡದ ಗೇರ್‌ಬಾಕ್ಸ್

ತುಮಕೂರು
9 ನವೆಂಬರ್ 2025, ಭಾನುವಾರ

ಏಕಾಂತಣ್ಣನಿಗೆ ತಂಗಿ ಮಂಗಳಾ ಮಾಡುವ ಶರಣು.

1985ರ ಅಕ್ಟೋಬರಿನಲ್ಲಿ, ಒಂದು ಸಂತೆಯ ದಿನ, ಗುಬ್ಬಿಯ ಬಸ್ ನಿಲ್ದಾಣದ ಎದುರು ನೂರಾರು ಜನರ ಮುಂದೆ ನೀನು ಗಂಗರಾಜು ಎಂಬ ಮೆಕ್ಯಾನಿಕ್‌ಗೆ ಕಳ್ಳ ಎಂದೆ. ಅಪ್ಪನ ಜಾವಾ ಬೈಕಿನ ಹೊಸ ಕ್ಲಚ್ ಪ್ಲೇಟುಗಳನ್ನೂ ಒಳ್ಳೆಯ ಗೇರನ್ನೂ ಎತ್ತಿಕೊಂಡು, ಗುಜರಿಯ ಹಳೇ ಸಾಮಾನು ತುಂಬಿ ಕೊಟ್ಟಿದ್ದಾನೆ ಎಂದೆ. ಈ ವರ್ಷದ ಆಗಸ್ಟಿನಲ್ಲಿ, ನಿನ್ನ ಎಪ್ಪತ್ತರ ಅಭಿನಂದನ ಗ್ರಂಥದ ಎಂಬತ್ತನಾಲ್ಕನೇ ಪುಟದಲ್ಲಿ, ಅದೇ ಮಾತನ್ನು ಅಚ್ಚು ಹಾಕಿಸಿದೆ. ಮೊದಲನೆಯದು ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಎನ್ನಬಹುದು. ಎರಡನೆಯದರ ಕರಡನ್ನು ನೀನೇ ಎರಡು ಸಲ ಓದಿ ತಿದ್ದಿದೆ ಎಂದು ಸಂಪಾದಕರು ಮುನ್ನುಡಿಯಲ್ಲಿ ಹೊಗಳಿದ್ದಾರೆ.

ಪುಸ್ತಕ ಓದಿದ ದಿನವೇ ನಿನಗೆ ಫೋನ್ ಮಾಡಿದ್ದೆ. ನೀನು ನಕ್ಕೆ. ಅದೊಂದು ತಮಾಷೆ ಕಣೇ, ನಲವತ್ತು ವರ್ಷದ ಮಾತು ಬಿಡು, ಆ ಮನುಷ್ಯ ಇದಾನೋ ಇಲ್ವೋ ಅಂದೆ. ಇದ್ದಾರೆ ಅಣ್ಣ. ಈ ಪತ್ರ ಬರೆಯಲು ಕೂರುವ ಮೊದಲು ಅವರ ಮನೆಯಲ್ಲೇ ಊಟ ಮಾಡಿ ಬಂದಿದ್ದೇನೆ.

ನೀನು ಮರೆತಿರಬಹುದು ಎಂದು ಆ ಪುಟವನ್ನು ಎತ್ತಿ ಬರೆಯುತ್ತೇನೆ. "ಕಾಯಕದಲ್ಲಿ ಕಳ್ಳತನ ಸಲ್ಲದು. ಯೌವನದಲ್ಲಿ ನಾನು ನಮ್ಮೂರಿನ ಒಬ್ಬ ಗೇರು ಕಳ್ಳನನ್ನು ಸಂತೆಯಲ್ಲೇ ಹಿಡಿದು ನಿಲ್ಲಿಸಿದ್ದೆ. ಆಮೇಲೆ ಅವನಿಗೆ ಗೇರ್ ಗಂಗ ಎಂದೇ ಹೆಸರಾಯಿತು. ಆತ ಊರು ಬಿಟ್ಟ, ಊರು ಚೊಕ್ಕಟವಾಯಿತು." ಇದರ ಮುಂದೆ ಇನ್ನೊಂದು ವಾಕ್ಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಬೇರೆ ಜಾಗವಿದೆ.

ಮೂವತ್ತೈದು ವರ್ಷ ತುಮಕೂರಿನ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು ನಾನು. ಬಾಯಿಮಾತನ್ನು ಊರು ಒಂದು ದಿನ ಮರೆಯುತ್ತದೆ. ಅಚ್ಚಾದದ್ದಕ್ಕೆ ನಂಬರು ಹಾಕಿ, ಹೊದಿಕೆ ಹಾಕಿ, ಗೆದ್ದಲು ಬರದಂತೆ ನಾವೇ ಕಾಯುತ್ತೇವೆ. ನಿನ್ನ ಪುಸ್ತಕದ ಪ್ರತಿ ಗುಬ್ಬಿಯ ಗ್ರಂಥಾಲಯಕ್ಕೂ ನಮ್ಮಲ್ಲಿಗೂ ಬಂದಿದೆ. ನಾನು ಈ ಬೇಸಗೆಯಲ್ಲಿ ನಿವೃತ್ತಳಾಗದೆ ಇದ್ದಿದ್ದರೆ ಅದಕ್ಕೆ ನಂಬರು ಹಾಕುವ ಕೆಲಸ ನನ್ನ ಕೈಗೇ ಬರುತ್ತಿತ್ತು.

ಆ ದಿನ ಏನು ನಡೆಯಿತು ಎಂಬುದನ್ನು ನನಗೆ ನೆನಪಿರುವ ಹಾಗೆ ಹೇಳುತ್ತೇನೆ. ತಪ್ಪಿದ್ದರೆ ತಿದ್ದು.

ಅಪ್ಪ ಮೇಷ್ಟ್ರಾಗಿದ್ದಾಗ ಕೊಂಡ ಬೈಕು ಅದು. ಅವರ ಸೊಂಟ ನೋವು ಜಾಸ್ತಿಯಾದ ಮೇಲೆ ನಿನ್ನ ಕೈಗೆ ಬಂತು. ದಿನಾ ಬೆಳಿಗ್ಗೆ ನೀನು ತುಮಕೂರಿನ ಕೊಬ್ಬರಿ ಮಂಡಿಗೆ ಹೋಗುವಾಗ ನನ್ನನ್ನು ಹಿಂದೆ ಕೂರಿಸಿಕೊಂಡು ಕಾಲೇಜಿಗೆ ಬಿಡುತ್ತಿದ್ದೆ. ಆ ವರ್ಷ ಕ್ಲಚ್ ಜಾರತೊಡಗಿತು. ಏರು ಬಂದರೆ ಎಂಜಿನ್ ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಆಗಸ್ಟಿನಲ್ಲಿ ಗಂಗರಾಜು ಅವರು ಹೊಸ ಪ್ಲೇಟು ಹಾಕಿಕೊಟ್ಟರು. ಅಕ್ಟೋಬರಿಗೆ ಮತ್ತೆ ಅದೇ ಕಥೆ. ಸಂತೆಯ ದಿನ ನೀನು ಗಾಡಿಯನ್ನು ತಳ್ಳಿಸಿಕೊಂಡು ಅವರ ಅಂಗಡಿ ಮುಂದೆ ನಿಲ್ಲಿಸಿ ರೇಗಾಡಿದೆ. ಅವರು ಕುಕ್ಕರುಗಾಲಲ್ಲಿ ಕೂತು, ಗೇರ್ ಲಿವರಿನ ರಬ್ಬರನ್ನು ಹೆಬ್ಬೆರಳಿನಿಂದ ಸವರಿ, ಆಯಿಲ್ ಬಿರಡೆ ತೆಗೆದು ಮೂಸಿ ನೋಡಿದರು. ಆಮೇಲೆ ಹೇಳಿದರು:

"ಪ್ಲೇಟು ಹೊಸವೇ ಸ್ವಾಮಿ. ಓಡಿಸ್ವಾಗ ನೀವು ಲಿವರ್ ಮ್ಯಾಲೆ ಕಾಲಿಟ್ಕತೀರ. ಕಾಲು ತೆಗೀರಿ, ಸರಿಯಾಯ್ತದೆ."

ಯಾರೋ ಕಿಸಕ್ಕನೆ ನಕ್ಕರು. ಆ ನಗು ಇಲ್ಲದಿದ್ದರೆ ಏನಾಗುತ್ತಿತ್ತೋ. ನಿನ್ನ ಮುಖ ಕೆಂಪಾಯಿತು.

"ನಂಗೆ ಕಾಲೆಲ್ಲಿ ಇಡ್ಬೇಕು ಅಂತ ನೀನ್ ಹೇಳ್ಕೊಡ್ತೀಯೇನ್ಲಾ?" ಅಂದೆ.

ಅಣ್ಣ, ಕಳ್ಳತನದ ಮಾತು ಬಂದದ್ದು ಅದಾದ ಮೇಲೆ. ಅದಕ್ಕೆ ಮೊದಲು ನಿನ್ನ ತಲೆಯಲ್ಲಿ ಕಳ್ಳತನ ಇರಲೇ ಇಲ್ಲ. ಅವರು ಯಾರ ಮಗ, ಯಾವ ಕೇರಿಯವರು ಎಂಬುದು ಮಾತ್ರ ಇತ್ತು. ಅಂಥವರು ನಿನ್ನ ಕಾಲಿನ ಬಗ್ಗೆ ಮಾತಾಡಿದರಲ್ಲ, ಅದು ನಿನಗೆ ತಡೆಯಲಿಲ್ಲ.

ಇಲ್ಲೇ ಬಿಚ್ಚುತ್ತೇನೆ, ಎಲ್ಲರೂ ನೋಡಲಿ ಎಂದು ಅವರು ಸ್ಕ್ರೂಡ್ರೈವರ್ ತಂದರು. ಗಾಡಿ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದೆ. ಬೇರೆ ಮೆಕ್ಯಾನಿಕ್ ಕೈಲಾದರೂ ಬಿಚ್ಚಿಸಿ ಎಂದು ಅವರು ಕೈಮುಗಿದರು. ಅದಕ್ಕೂ ನೀನು ಒಪ್ಪಲಿಲ್ಲ. ಆಗ ನಿನಗೆ ಒಂದು ಸಾಕ್ಷಿ ಬೇಕಾಯಿತು, ಸಿಕ್ಕಿತು. ಅಲ್ಲಿಯವರೆಗೆ ಜನರಿಗೆ ಬರೀ ಅನುಮಾನವಿತ್ತು. ಆ ಸಾಕ್ಷಿಯ ನಂತರ ತೀರ್ಮಾನವೇ ಆಯಿತು. ಮುಂದಿನ ಯುಗಾದಿ ಹೊತ್ತಿಗೆ ಅವರ ಅಂಗಡಿ ಮುಂದೆ ಒಂದು ಸೈಕಲ್ಲೂ ನಿಲ್ಲುತ್ತಿರಲಿಲ್ಲ. ಹೆಂಡತಿಯನ್ನೂ ಎದೆಹಾಲು ಕುಡಿಯುವ ಮಗುವನ್ನೂ ಕರೆದುಕೊಂಡು ಅವರು ಕುಣಿಗಲ್ಲಿಗೆ ಹೋದರು.

ನೀನು ಒಂದೇ ತಿಂಗಳಲ್ಲಿ ಸ್ಕೂಟರ್ ಕೊಂಡೆ. ಜಾವಾವನ್ನು ಯಾರೂ ಮುಟ್ಟಲಿಲ್ಲ. ನನ್ನ ಮದುವೆಯಾದ ಮೇಲೆ ಅಪ್ಪ ಅದನ್ನು ಲಾರಿಯಲ್ಲಿ ತುಮಕೂರಿಗೆ ಕಳಿಸಿದರು. ಮಂಗಳನ ಹತ್ತಿರ ಇರಲಿ ಅಂದರಂತೆ. ಯಾಕೆ ಎಂದು ನಾನೂ ಕೇಳಲಿಲ್ಲ. ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ಅದು ಕೂತೇ ಇತ್ತು.

ಎಂಬತ್ತನಾಲ್ಕನೇ ಪುಟ ಓದಿದ ಮರುವಾರ ನಾನು ಗುಬ್ಬಿಗೆ ಹೋದೆ. ಬಸ್ ನಿಲ್ದಾಣದ ಎದುರು ಪಂಕ್ಚರ್ ಅಂಗಡಿಯ ಪುಟ್ಟರಂಗಯ್ಯನನ್ನು ಕೇಳಿದೆ. ಯಾರು, ಗೇರ್ ಗಂಗನಾ ಎಂದು ಆತ ಸಹಜವಾಗಿ ಕೇಳಿದ. ಆ ಹೆಸರು ಯಾಕೆ ಬಂತು ಎಂದರೆ, ಗೇರಿನ ಕೆಲಸದಲ್ಲಿ ಎತ್ತಿದ ಕೈ ಇರಬೇಕು ಬಿಡಿ ಅಂದ. ನೀನು ಪುಸ್ತಕ ಬರೆಸುವ ಹೊತ್ತಿಗೆ ಊರು ಅರ್ಧ ಮರೆತಿತ್ತು ಅಣ್ಣ. ನೀನು ನೆನಪಿಸಿದೆ.

ಲಗೇಜ್ ಆಟೋದಲ್ಲಿ ಜಾವಾವನ್ನು ಹಾಕಿಸಿಕೊಂಡು ಕುಣಿಗಲ್ಲಿಗೆ ಹೋದೆ. ಈಗ ಅಂಗಡಿ ನಡೆಸುವವಳು ಅವರ ಮಗಳು ಕೋಮಲಾ. ಅಂದು ಎದೆಹಾಲು ಕುಡಿಯುತ್ತಿದ್ದ ಮಗುವಿಗೆ ಈಗ ನಲವತ್ತು. ಹಳೇ ಬೈಕು ಇಟ್ಟುಕೊಂಡವರು ಹಾಸನ, ಮಂಡ್ಯದಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಗಂಗರಾಜು ಅವರು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ಕೈ ನಡುಗುತ್ತದೆ, ಕಣ್ಣು ಚೆನ್ನಾಗಿದೆ. ಗಾಡಿಯನ್ನು ಮೊದಲು ಗುರುತು ಹಿಡಿದರು, ಆಮೇಲೆ ನನ್ನನ್ನು.

"ಹಿಂದೆ ಕೂತ್ಕತಿದ್ದ ಅವ್ವಾರಲ್ವ ನೀವು?" ಅಂದರು. ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.

ಅವರ ಹೆಂಡತಿ ಚಿಕ್ಕಮಾರಮ್ಮ ಮಾತ್ರ ಬಿಡಲಿಲ್ಲ. ಕಾಫಿ ಲೋಟ ನನ್ನ ಕೈಗೆ ಕೊಡುತ್ತಾ ಮಗಳಿಗೆ ಹೇಳಿದರು: "ಬಿರ್ನೆ ಮಾಡ್ಕೊಡೇ ಕೋಮ್ಲಾ. ನಲವತ್ತು ವರ್ಸಕ್ಕೆ ರಿಪೇರಿಗೆ ತಂದವ್ರೆ, ಪಾಪ, ಅವಸರ ಇರ್ತದೆ."

ಅದಕ್ಕೆ ನಾನು ತಲೆ ತಗ್ಗಿಸಿ ಕಾಫಿ ಕುಡಿದೆ. ಗಾಡಿಯನ್ನು ಬಿಟ್ಟು ಹೋಗಲು ಬಂದಿಲ್ಲ, ಪ್ರತಿ ಭಾನುವಾರ ಬಂದು ಕೂತು ನೋಡುತ್ತೇನೆ, ಕೈಲಾದ ಕೆಲಸ ಮಾಡುತ್ತೇನೆ ಎಂದೆ. ನೋಡುವುದಕ್ಕೆ ಇದೇನು ಸಿನಿಮಾವೇ ಎಂದು ಕೋಮಲಾ ಕೇಳಿದಳು. ಮೊದಲ ಭಾನುವಾರ ನನಗೆ ಒಂದು ಡಬ್ಬ ಸೀಮೆಎಣ್ಣೆ, ಒಂದು ಹಳೇ ಬ್ರಷ್ಷು ಕೊಟ್ಟು ಜಿಡ್ಡು ತೊಳೆಯಲು ಕೂರಿಸಿದಳು. ನಲವತ್ತು ವರ್ಷದ ಜಿಡ್ಡು. ತೊಳೆದಾದ ಮೇಲೆ ಎಡಗಡೆಯ ಕವರಿನ ಐದು ಸ್ಕ್ರೂಗಳ ತಲೆ ಕಂಡವು. ಪ್ರತಿಯೊಂದರ ಮೇಲೂ ಸಣ್ಣ ಕೆಂಪು ಬೊಟ್ಟು, ಅರ್ಧ ಸ್ಕ್ರೂ ಮೇಲೆ, ಅರ್ಧ ಕವರಿನ ಮೇಲೆ.

ಅದು ಅವರ ಕೆಲಸದ ರೀತಿಯಂತೆ. ಯಾವುದೇ ಗಾಡಿ ಮುಚ್ಚಿದ ಮೇಲೆ ಪ್ರತಿ ಸ್ಕ್ರೂಗೂ ಒಂದು ಹನಿ ಬಣ್ಣ ಇಟ್ಟುಬಿಡುತ್ತಿದ್ದರು. ಆಮೇಲೆ ಯಾರಾದರೂ ಒಂದು ಎಳೆ ತಿರುಗಿಸಿದರೂ ಬೊಟ್ಟು ಎರಡು ಹೋಳಾಗುತ್ತದೆ. ಐದೂ ಬೊಟ್ಟು ಇಡಿಯಾಗಿದ್ದವು. ಕೋಮಲಾ ಮೊದಲು ಫೋಟೋ ತೆಗೆದಳು. ಆಮೇಲೆ ಅಪ್ಪನನ್ನು ಕರೆದಳು. ಗಂಗರಾಜು ಅವರು ಬಂದು, ಒಂದೊಂದನ್ನೂ ಮುಟ್ಟಿ ನೋಡಿ, ಬೆಂಚಿಗೆ ವಾಪಸು ಹೋಗಿ ಕೂತರು.

ಕವರು ಅಂಟಿಕೊಂಡಿತ್ತು, ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದೆವು. ಕ್ಲಚ್ ಹೊರತೆಗೆಯುವ ಸಾಧನ ಈಗ ಸಿಗುವುದಿಲ್ಲವೆಂದು ಕೋಮಲಾ ಒಂದು ದಪ್ಪ ಬೋಲ್ಟಿಗೆ ತಾನೇ ತಿರುಪಿನ ಎಳೆ ಹಾಕಿಸಿಕೊಂಡು ತಂದಿದ್ದಳು. ಒಳಗಿನ ಪ್ಲೇಟುಗಳಲ್ಲಿ ಬಾಟಲಿಯ ಬಿರಡೆಯಂಥ ಕಾರ್ಕ್ ತುಂಡುಗಳಿರುತ್ತವೆ. ಅವು ಕಪ್ಪಾಗಿ, ಮೇಲ್ಮೈ ಗಾಜಿನ ಹಾಗೆ ನಯವಾಗಿ ಸುಟ್ಟಿದ್ದವು. ಆದರೆ ದಪ್ಪ ಸವೆದಿರಲಿಲ್ಲ. ಕೋಮಲಾ ಹೊಸ ಪ್ಲೇಟಿನ ಪಕ್ಕ ಹಿಡಿದು ಅಳೆದು ತೋರಿಸಿದಳು: ಹಳತಾದರೆ ತೆಳ್ಳಗಾಗುತ್ತವೆ, ಇವು ಹೊಸದರಲ್ಲೇ ಸುಟ್ಟಿವೆ. ಹೊರಗಿನ ಸ್ಟೀಲ್ ಪ್ಲೇಟನ್ನು ಒರೆಸಿದಾಗ ಅಂಚಿನಲ್ಲಿ ಉಗುರಿನಷ್ಟು ಸಣ್ಣ ಅಂಕಿಗಳು: 12-8-85. ಅದೂ ಅವರ ರೀತಿಯೇ. ಹೊಸದು ಹಾಕಿದ ತಾರೀಖನ್ನು ಕೊರೆಯುತ್ತಿದ್ದರು.

ಇಷ್ಟು ಸಾಕಿತ್ತು. ಆದರೆ ನೀನು ಗೇರನ್ನೂ ಕದ್ದರು ಎಂದಿದ್ದೀಯ. ಈ ಬೈಕಿನಲ್ಲಿ ಗೇರು ನೋಡಬೇಕಾದರೆ ಎಂಜಿನ್ ಇಳಿಸಿ ಎರಡು ಹೋಳು ಮಾಡಬೇಕು. ಅದಕ್ಕೆ ಮತ್ತೆ ಮೂರು ಭಾನುವಾರ ಹಿಡಿಯಿತು. ಬೇಡ ಬಿಡಿ ಅವ್ವಾ, ಇಷ್ಟಕ್ಕೇ ಗೊತ್ತಾಯ್ತಲ್ಲ ಎಂದು ಗಂಗರಾಜು ಅವರೇ ಅಂದರು. ನಾನು ಒಪ್ಪಲಿಲ್ಲ. ಅರ್ಧ ಬಿಚ್ಚಿ ಬಿಟ್ಟರೆ ಉಳಿದರ್ಧದಲ್ಲಿ ನೀನು ಬಂದು ಕೂರುತ್ತೀಯ ಎಂದು ನನಗೆ ಗೊತ್ತು.

ಗೇರುಗಳನ್ನು ಸಾಲಾಗಿ ಹಳೇ ಪೇಪರಿನ ಮೇಲೆ ಜೋಡಿಸಿದೆವು. ಎರಡನೇ ಗೇರಿನ ಹಲ್ಲಿನ ಅಂಚು ಸವೆದಿತ್ತು. ಅದಕ್ಕೆ ಕಚ್ಚುವ ಜೋಡಿ ಗೇರಿನ ಹಲ್ಲೂ ಅಷ್ಟೇ, ಅದೇ ಕಡೆ, ಅದೇ ಓರೆಯಲ್ಲಿ ಸವೆದಿತ್ತು. ಕೋಮಲಾ ಎರಡನ್ನೂ ಒಂದಕ್ಕೊಂದು ಕೂಡಿಸಿ ನನ್ನ ಅಂಗೈಯಲ್ಲಿಟ್ಟಳು.

"ಜೋಡಿ ಹಲ್ಲು ಒಟ್ಟಿಗೇ ಸವೀತವೆ ಅಮ್ಮ. ಬ್ಯಾರೆ ತಂದು ಹಾಕಿದ್ರೆ ಹಿಂಗೆ ಕೂರಲ್ಲ. ಫ್ಯಾಕ್ಟ್ರಿಯಿಂದ ಬಂದಾಗ್ಲಿಂದ ಇವೆರಡೂ ಗಂಡ ಹೆಂಡ್ತಿ."

ಕದ್ದದ್ದು ಏನೂ ಇಲ್ಲ ಅಣ್ಣ. ಒಂದು ತಿರುಪೂ ಇಲ್ಲ.

ಹಾಗಾದರೆ ಹೊಸ ಪ್ಲೇಟು ಎರಡು ತಿಂಗಳಿಗೆ ಯಾಕೆ ಸುಟ್ಟಿತು ಎಂದು ನೀನು ಕೇಳಬೇಕು. ಕೇಳು. ಆ ಬೈಕಿನಲ್ಲಿ ಎಡಗಾಲಿನ ಒಂದೇ ಲಿವರು ಎರಡು ಕೆಲಸ ಮಾಡುತ್ತದೆ. ಎತ್ತಿ ತುಳಿದರೆ ಕಿಕ್ಕರು, ಮುಂದಕ್ಕೆ ಮಡಚಿದರೆ ಗೇರು. ಗೇರು ಬದಲಿಸಲು ಅದನ್ನು ಒತ್ತಿದಾಗ, ಕೈ ಹಾಕದೆಯೇ, ಕ್ಲಚ್ ತಾನಾಗಿ ಬಿಡಿಸಿಕೊಳ್ಳುತ್ತದೆ. ಜಾವಾದ ವಿಶೇಷವೇ ಅದು. ಅದರ ಮೇಲೆ ಕಾಲು ಭಾರ ಹಾಕಿಕೊಂಡೇ ಓಡಿಸಿದರೆ ಕ್ಲಚ್ ಯಾವಾಗಲೂ ಅರ್ಧ ಬಿಟ್ಟ ಹಾಗೆ ಇರುತ್ತದೆ. ಪ್ಲೇಟುಗಳು ಉಜ್ಜಿ ಉಜ್ಜಿ ಸುಡುತ್ತವೆ. ಲಿವರಿನ ರಬ್ಬರು ನನ್ನ ಮೇಜಿನ ಮೇಲಿದೆ. ಗೇರು ಹಾಕುವ ತುದಿಯಲ್ಲಿ ಗೀರುಗಳು ಸವೆಯದೆ ಹಾಗೇ ಇವೆ, ನಡುವೆ ಬೂಟಿನ ಅಗಲಕ್ಕೆ ತಟ್ಟೆಯ ಹಾಗೆ ತಗ್ಗಾಗಿದೆ.

ಅಪ್ಪನ ಟ್ರಂಕಿನಲ್ಲಿ ಬೈಕಿನ ಜೊತೆ ಬಂದ ಇಂಗ್ಲಿಷ್ ಕೈಪಿಡಿಯೂ ಸಿಕ್ಕಿತು. ಕಂದು ಕಾಗದದ ಹೊದಿಕೆ ಹಾಕಿಟ್ಟಿದ್ದರು. ಓಡಿಸುವಾಗ ಕಾಲನ್ನು ಗೇರ್ ಲಿವರಿನ ಮೇಲೆ ಇಡಬಾರದು ಎಂಬ ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಇದೆ. ಅಪ್ಪನಿಗೆ ಗೊತ್ತಿತ್ತು. ಅಪ್ಪ ಒಳ್ಳೆಯ ಮೇಷ್ಟ್ರು. ಊರಿನ ಎಲ್ಲ ಮಕ್ಕಳ ತಪ್ಪನ್ನೂ ಕೆಂಪು ಶಾಯಿಯಲ್ಲಿ ತಿದ್ದಿದರು, ಮಗನದನ್ನು ಪೆನ್ಸಿಲಿನಲ್ಲಿ ಗೆರೆ ಎಳೆದು ಟ್ರಂಕಿನಲ್ಲಿಟ್ಟರು. ಅದೇ ಮಾತನ್ನು ಇಂಗ್ಲಿಷ್ ಪುಸ್ತಕ ಹೇಳಿದ್ದರೆ ನೀನು ಒಪ್ಪುತ್ತಿದ್ದೆ. ಗಂಗರಾಜು ಅವರು ಹೇಳಿದ್ದಕ್ಕೆ ಅವರು ಊರು ಬಿಡಬೇಕಾಯಿತು.

ಹಳೆಯ ಮಾತು ಬಿಡು ಎನ್ನುತ್ತೀಯಲ್ಲ, ಹೊಸದನ್ನು ಹೇಳುತ್ತೇನೆ. ಕೋಮಲಾ ಗುಬ್ಬಿಯಲ್ಲಿ ಎರಡನೇ ಅಂಗಡಿ ತೆಗೆಯಬೇಕೆಂದಿದ್ದಳು. ಅಪ್ಪ ಬಿಟ್ಟು ಬಂದ ಊರಿನಲ್ಲಿ ಅಪ್ಪನ ಹೆಸರಿನ ಬೋರ್ಡು ಹಾಕಬೇಕು ಎಂಬ ಆಸೆ. ಜುಲೈನಲ್ಲೇ ಮಳಿಗೆ ಮಾತಾಗಿತ್ತು. ನಿನ್ನ ಸಮಾರಂಭದಲ್ಲಿ ಪುಸ್ತಕ ಹಂಚಿದ ಹದಿನೈದು ದಿನಕ್ಕೆ, ಬೇರೆಯವರಿಗೆ ಕೊಟ್ಟಾಯಿತು ಎಂದು ಮಳಿಗೆಯವರು ಫೋನ್ ಮಾಡಿದರು. ನಾನು ಹೋಗಿ ನೋಡಿದೆ. ಇವತ್ತಿಗೂ ಬೀಗ ಹಾಕಿಯೇ ಇದೆ. ಮಾಲೀಕರು ಸಮಾರಂಭದ ಮುಂದಿನ ಸಾಲಿನಲ್ಲಿ ಕೂತಿದ್ದರು, ಅವತ್ತಿನ ಫೋಟೋದಲ್ಲಿ ಇದ್ದಾರೆ. ಕೋಮಲಾ ಅಪ್ಪನಿಗೆ ಇದನ್ನು ಹೇಳಿಲ್ಲ, ಬಾಡಿಗೆ ಜಾಸ್ತಿಯಾಯಿತು ಅಂದಿದ್ದಾಳೆ. ಅವರು ನಂಬಿದ ಹಾಗೆ ಮಾಡಿದ್ದಾರೆ.

ಗಾಡಿ ಈಗ ಸರಿಯಾಗಿದೆ. ಹೊಸ ಕಾರ್ಕ್ ಪ್ಲೇಟುಗಳನ್ನು ಒಂದು ಇಡೀ ದಿನ ಆಯಿಲ್ಲಿನಲ್ಲಿ ನೆನೆಹಾಕಿ ಹಾಕಬೇಕು. ಒಣಗಿದ್ದನ್ನು ಹಾಗೇ ಹಾಕಿದರೆ ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ ಎಂದು ಗಂಗರಾಜು ಅವರು ನನಗೆ ಹೇಳಿಕೊಟ್ಟರು. ಸವೆದ ಜೋಡಿಯನ್ನು ಬದಲಾಯಿಸಿ, ಆ ಹಳೆಯ ಎರಡು ಗೇರುಗಳನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು. ತೆಗೆದದ್ದನ್ನು ಮಾಲೀಕರಿಗೇ ಒಪ್ಪಿಸುವುದು ಪದ್ಧತಿ ಎಂದರು. ಕವರು ಮುಚ್ಚಿದ ಮೇಲೆ ಬಣ್ಣದ ಬೊಟ್ಟು ಇಡಲು ಕೋಮಲಾ ಕಡ್ಡಿಯನ್ನು ಅಪ್ಪನಿಗೆ ಕೊಟ್ಟಳು. ಕೈ ನಡುಗಿ ಒಂದು ಬೊಟ್ಟು ಸ್ವಲ್ಪ ಪಕ್ಕಕ್ಕೆ ಹೋಗಿದೆ. ಅದನ್ನು ಯಾರೂ ಒರೆಸಲಿಲ್ಲ.

ಇವತ್ತು ಬೆಳಿಗ್ಗೆ ಕೋಮಲಾ ಓಡಿಸಿದಳು, ನಾನು ಹಿಂದೆ ಕೂತೆ. ಮಾರ್ಕೋನಹಳ್ಳಿ ಜಲಾಶಯದ ಏರಿಯವರೆಗೂ ಹೋಗಿ ಬಂದೆವು. ಏರಿನಲ್ಲಿ ಒಮ್ಮೆಯೂ ಜಾರಲಿಲ್ಲ. ನಾನು ದಾರಿಯುದ್ದಕ್ಕೂ ನೀರನ್ನೂ ನೋಡಲಿಲ್ಲ, ತೋಟವನ್ನೂ ನೋಡಲಿಲ್ಲ. ಅವಳ ಎಡಗಾಲನ್ನೇ ನೋಡುತ್ತಿದ್ದೆ. ಗೇರು ಹಾಕುವಾಗ ಬಿಟ್ಟರೆ ಅದು ಫುಟ್‌ರೆಸ್ಟ್ ಬಿಟ್ಟು ಅಲುಗಲಿಲ್ಲ.

ವಾಪಸು ಬಂದು ಊಟಕ್ಕೆ ಕೂತಾಗ ಗಂಗರಾಜು ಅವರನ್ನು ಕೇಳಿದೆ, ನಮ್ಮಣ್ಣನಿಂದ ನಿಮಗೆ ಏನಾಗಬೇಕು ಅಂತ. ಅವರು ಹೇಳಿದರು: "ಕಳ್ಳ ಅಂದಿದ್ದು ಹೋಗ್ಲಿ ಅವ್ವಾ. ಬಿಚ್ಚಿ ನೋಡ್ಲಿಲ್ವಲ್ಲ, ಅದೊಂದು."

ಆದ್ದರಿಂದ ನನಗೆ ಬೇಕಾದದ್ದನ್ನು ಹೇಳುತ್ತೇನೆ. ಫೋನ್ ಮಾಡಬೇಡ, ಪತ್ರ ಬರೆಯಬೇಡ, ಯಾರನ್ನೂ ಮಾತಿಗೆ ಕಳಿಸಬೇಡ. ನಾಲ್ಕು ಗೋಡೆಯ ನಡುವೆ ಅವರ ಕೈ ಹಿಡಿದು ಮುಗಿಸಿಬಿಡುವ ಯೋಚನೆಯೂ ಬೇಡ. ತಪ್ಪು ಸಂತೆಯಲ್ಲಿ ಆಗಿದೆ, ಪುಸ್ತಕದಲ್ಲಿ ಆಗಿದೆ. ಮುಂದಿನ ಸಂತೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗುಬ್ಬಿಯ ಬಸ್ ನಿಲ್ದಾಣದ ಎದುರು ಜಾವಾ ನಿಂತಿರುತ್ತದೆ. ಸುಟ್ಟ ಪ್ಲೇಟು, ಸವೆದ ಗೇರು, ಲಿವರಿನ ರಬ್ಬರು, ಅಪ್ಪನ ಕೈಪಿಡಿ, ಬೊಟ್ಟಿನ ಫೋಟೋ ಎಲ್ಲವನ್ನೂ ಒಂದು ಮೇಜಿನ ಮೇಲೆ ಇಟ್ಟಿರುತ್ತೇನೆ. ಗಂಗರಾಜು ಅವರೂ ಬರುತ್ತಾರೆ. ನೀನು ಹಂಚಿದ ಪ್ರತಿಯೊಂದು ಪುಸ್ತಕದ ಎಂಬತ್ತನಾಲ್ಕನೇ ಪುಟಕ್ಕೆ ತಿದ್ದುಪಡಿ ಚೀಟಿ ಅಂಟಿಸಬೇಕು. ಅದಕ್ಕೆ ಮೊದಲು, ಅವತ್ತು ನಿಂತ ಜಾಗದಲ್ಲೇ ನಿಂತು, ಅಷ್ಟೇ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು:

ಅವರು ಬಿಚ್ಚಿ ತೋರಿಸುತ್ತೇನೆ ಎಂದಾಗ ನೀನು ಯಾಕೆ ಬೇಡ ಎಂದೆ?

ನಿನ್ನ ತಂಗಿ,
ಸರ್ವಮಂಗಳಮ್ಮ

ಮತ್ತೆ: ಎಂಬತ್ತನಾಲ್ಕನೇ ಪುಟದಲ್ಲಿ ನಾನು ಬಿಟ್ಟ ವಾಕ್ಯ ಇದು: "ನನ್ನ ತಂಗಿಯೇ ಅದಕ್ಕೆ ಸಾಕ್ಷಿ." ನೀನು ಎಲ್ಲರ ಮುಂದೆ ನನ್ನ ಕಡೆ ತಿರುಗಿ, "ಹೇಳೇ ಮಂಗಳಾ, ದಿನಾ ಹಿಂದೆ ಕೂರ್ತೀಯ, ನಾನು ಕಾಲಿಡ್ತೀನಾ?" ಎಂದೆ. ಎರಡು ವರ್ಷ ದಿನಾ ನೋಡಿದ್ದೆ. ಪರೀಕ್ಷೆಗೆ ಐದು ತಿಂಗಳಿತ್ತು, ನೀನು ಬೈಕಿನಲ್ಲಿ ಕರೆದೊಯ್ಯದಿದ್ದರೆ ಅಪ್ಪ ಕಾಲೇಜು ಬಿಡಿಸುತ್ತಿದ್ದರು. ನಾನು "ಇಲ್ಲ" ಎಂದೆ. ನಾನು ಕುಣಿಗಲ್ಲಿಗೆ ಹೋದ ಮೊದಲ ದಿನವೇ ಗಂಗರಾಜು ಅವರಿಗೆ ಅದು ನೆನಪಿತ್ತು, ಆದರೂ ನನಗೆ ಕಾರ್ಕ್ ನೆನೆಹಾಕುವುದನ್ನು ಕಲಿಸಿದರು. ಇವತ್ತು ಊಟಕ್ಕೆ ಮೊದಲು ಅವರ ಮುಂದೆ ಇದನ್ನು ಬಾಯಿಬಿಟ್ಟು ಹೇಳಿದೆ. ಗುಬ್ಬಿ ಗ್ರಂಥಾಲಯದ ಪ್ರತಿಗೆ ಮೊದಲ ಚೀಟಿಯನ್ನು ಶುಕ್ರವಾರವೇ ಅಲ್ಲಿನವರ ಒಪ್ಪಿಗೆ ಪಡೆದು ಅಂಟಿಸಿದ್ದೇನೆ: "ಈ ಸಾಕ್ಷಿ ಸುಳ್ಳು. ಹೇಳಿದವಳು ನಾನು." ಕೆಳಗೆ ನನ್ನ ಸಹಿ ಇದೆ. ಸಂತೆಯಲ್ಲೂ ಮೊದಲು ನಾನೇ ಮಾತಾಡುತ್ತೇನೆ. ಆಮೇಲೆ ನಿನ್ನ ಸರದಿ.